ಹಳೆಯ ಸ್ನೋಕ್ಯಾಟ್‌ಗೆ (ಹಿಮದ ಮೇಲೆ ಓಡುವ ಪಟ್ಟಿಚಕ್ರದ ಗಾಡಿ) ಚಿಕ್ಕ ಸ್ಟೀರಿಂಗ್ ವೀಲ್ ಹುಡುಕುತ್ತಿದ್ದೀರಾ?

ಗಾಡಿಯ ಹೆಸರು ಹಾಕಿ ವೀಲ್ ಹುಡುಕಿದರೆ ಸುಮ್ನೆ ಟೈಮ್ ವೇಸ್ಟ್. ವೀಲ್ ಕೂರುವ ಶಾಫ್ಟ್‌ನ (ಸ್ಟೀರಿಂಗ್ ದಂಡದ) ಅಳತೆ ಹಿಡಿದು ಹುಡುಕಿ.

ಮೊದಲು ಹಳೆಯ ವೀಲ್ ಬಿಚ್ಚಿ. ನಟ್ ಪೂರ್ತಿ ತೆಗೆಯಬೇಡಿ, ಎರಡು ಮೂರು ಸುತ್ತು ಹಾಗೇ ಬಿಟ್ಟು ಪುಲ್ಲರ್ (ವೀಲ್ ಎಳೆದು ತೆಗೆಯುವ ಸಾಧನ) ಹಾಕಿ. ಇಲ್ಲದಿದ್ದರೆ ವೀಲ್ ಥಟ್ಟನೆ ಎದ್ದು ಮುಖಕ್ಕೇ ಬಡಿಯುತ್ತದೆ. ಸುತ್ತಿಗೆಯಂತೂ ಬೇಡವೇ ಬೇಡ. ಈಗ ಶಾಫ್ಟ್ ನೋಡಿ: ಹಲ್ಲುಗಳಿವೆಯೋ, ಬರೀ ಕೀ (ವೀಲ್ ಜಾರದಂತೆ ಗಾಡಿಯಲ್ಲಿ ಕೂರುವ ಲೋಹದ ತುಂಡು) ಇದೆಯೋ? ನೇರವೋ, ತುದಿಗೆ ಸಣ್ಣಗಾಗುತ್ತದೆಯೋ? ಹಲ್ಲಿದ್ದರೆ ಒಂದಕ್ಕೆ ಮಾರ್ಕರ್ ಹಚ್ಚಿ ಎಣಿಸಿ. ವ್ಯಾಸವನ್ನು ಕ್ಯಾಲಿಪರ್‌ನಲ್ಲೇ ಅಳೆಯಿರಿ.

ಆಮೇಲೆ ಫೋರ್ಕ್‌ಲಿಫ್ಟ್, ಟ್ರ್ಯಾಕ್ಟರ್, ದೋಣಿಯ ವೀಲ್‌ಗಳನ್ನೂ ನೋಡಿ. ದೋಣಿಯವು ಹೆಚ್ಚಾಗಿ ಮುಕ್ಕಾಲು ಇಂಚಿನ ಟೇಪರ್ (ತುದಿಗೆ ಸಣ್ಣಗಾಗುವ) ಶಾಫ್ಟ್‌ನವು, ಕೀ ಇರುವಂಥವು. ಯಾವುದೂ ಕೂರದಿದ್ದರೆ ಹಳೆಯ ವೀಲ್‌ನ ಹಬ್ (ಶಾಫ್ಟ್‌ಗೆ ಕೂರುವ ನಡುಭಾಗ) ಉಳಿಸಿಕೊಂಡು, ಹೊಸ ವೀಲನ್ನು ಅದಕ್ಕೆ ಜೋಡಿಸುವ ಅಡಾಪ್ಟರ್ ಪ್ಲೇಟನ್ನು ಲೇತ್‌ನವರಿಂದ ಮಾಡಿಸಿ. ನನಗೆ ಇದೇ ಇಷ್ಟ, ಶಾಫ್ಟ್‌ಗೆ ಕೈ ಹಾಕುವ ಗೋಜಿಲ್ಲ.

ಆಸೆಪಟ್ಟು ತೀರಾ ಚಿಕ್ಕದು ಹಾಕಬೇಡಿ. 17 ಇಂಚಿನಿಂದ 14ಕ್ಕೆ ಇಳಿದರೆ ತಿರುಗಿಸೋಕೆ ಸುಮಾರು 20% ಜಾಸ್ತಿ ಬಲ ಬೇಕು. ಹೈಡ್ರಾಲಿಕ್ ಸ್ಟೀರಿಂಗ್ ಇದ್ದರೆ ಗೊತ್ತೇ ಆಗಲ್ಲ. ಇಲ್ಲದಿದ್ದರೆ ದಪ್ಪ ಹಿಮದಲ್ಲಿ ತೋಳು ಸೋಲುತ್ತದೆ. ಕೊಳ್ಳುವ ಮುಂಚೆ ರಟ್ಟಿನಲ್ಲಿ ಅದೇ ಅಳತೆಯ ಬಳೆ ಕತ್ತರಿಸಿ ಹಿಡಿದು ನೋಡಿ. ಮೊಣಕಾಲು ತಾಗುತ್ತಾ, ಮೀಟರ್ ಮುಚ್ಚುತ್ತಾ ಅಲ್ಲೇ ತಿಳಿಯುತ್ತದೆ.