ಇನ್ನೂರು ಚಿಲ್ಲರೆ ಗಂಟೆಯ ಹಾರಾಟಕ್ಕೇ ಬೋಟ್ಸ್ವಾನಾದಲ್ಲಿ ಪೈಲಟ್ ಕೆಲಸ: ನನ್ನ ಅನುಭವ

ಇನ್ನೂರು ಚಿಲ್ಲರೆ ಗಂಟೆಯ ಹಾರಾಟದ ಅನುಭವ ಇಟ್ಟುಕೊಂಡು ವಿದೇಶದಲ್ಲಿ ಪೈಲಟ್ ಕೆಲಸ ಸಿಗಲ್ಲ ಅಂತ ನನಗೆ ಹೇಳದವರಿಲ್ಲ. ಜೊತೆಯಲ್ಲಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿಸಿದವರು ಹೇಳಿದರು. ಏರ್‌ಲೈನ್‌ನಲ್ಲಿರುವ ಸೀನಿಯರ್‌ಗಳು ಹೇಳಿದರು. ಮಂಡ್ಯದ ನಮ್ಮ ಸೋದರಮಾವ ಮದುವೆ ಮನೆಯ ಊಟದ ಪಂಕ್ತಿಯಲ್ಲೇ, "ಅಲ್ಲಿಗೋಗಿ ಆನೆ ಕಾಯ್ತೀಯೇನ್ಲಾ? ಮೊದ್ಲು ನಿಮ್ಮಪ್ಪನ ಗದ್ದೆ ಉಳಿಸ್ಲಾ" ಅಂದರು. ಈಗ ನನ್ನ ಲಾಗ್‌ಬುಕ್‌ನಲ್ಲಿ 1,200 ಗಂಟೆಯ ಹತ್ತಿರ ಇದೆ. ಇನ್ನೂರು ಬಿಟ್ಟು ಮಿಕ್ಕಿದ್ದೆಲ್ಲ ಆಫ್ರಿಕಾದ ಬೋಟ್ಸ್ವಾನಾದ್ದು, ಎಲ್ಲಾ ಸಂಬಳ ತೆಗೆದುಕೊಂಡು ಹಾರಿಸಿದ್ದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಸಿಪಿಎಲ್ ಮುಗಿಯುವಷ್ಟರಲ್ಲಿ 50 ಲಕ್ಷದ ಹತ್ತಿರ ಹೋಗಿತ್ತು. ಮೈಸೂರಿನ ಮನೆ ಪತ್ರ ಬ್ಯಾಂಕಿನಲ್ಲಿತ್ತು. ಪಾಂಡವಪುರದ ಕಡೆಯ ಗದ್ದೆಯಲ್ಲಿ ಒಂದು ಭಾಗ ಮಾರಿಯಾಗಿತ್ತು. ತಿಂಗಳ ಕಂತು 40 ಸಾವಿರದ ಮೇಲೆ. ಏರ್‌ಬಸ್ 320 ಟೈಪ್ ರೇಟಿಂಗ್, ಅಂದರೆ ಆ ಮಾದರಿ ವಿಮಾನ ಹಾರಿಸುವ ಅರ್ಹತೆ, ಮಾಡಿಸಿದರೆ ಇನ್ನೊಂದು 15 ಲಕ್ಷ. ಅದನ್ನೂ ಮಾಡಿಸಿಕೊಂಡು ಎರಡೆರಡು ವರ್ಷ ಮನೆಯಲ್ಲಿ ಕೂತವರನ್ನು ಕಣ್ಣಾರೆ ನೋಡಿದ್ದೆ. ಅಪ್ಪನ ಮುಂದೆ ಇನ್ನೊಂದು ಸಲ ಕೈ ಚಾಚುವುದಿಲ್ಲ ಅಂತ ತೀರ್ಮಾನ ಮಾಡಿದೆ. ಹಾಗಾದರೆ ಉಳಿದದ್ದು ಒಂದೇ. ಕೈಯಲ್ಲಿರುವ ಲೈಸೆನ್ಸಿಗೇ ಯಾರು ಸಂಬಳ ಕೊಡುತ್ತಾರೆ ಅಂತ ಹುಡುಕುವುದು.

ವರ್ಷದ ಹತ್ತಿರ ಇಮೇಲ್‌ನಲ್ಲೇ ಕಳೆಯಿತು. ಎಷ್ಟು ಕಳಿಸಿದೆನೋ ಲೆಕ್ಕ ಇಟ್ಟಿಲ್ಲ. ಉತ್ತರ ಬಂದದ್ದು ಬೆರಳೆಣಿಕೆ. ಕೆನಡಾ, ಆಸ್ಟ್ರೇಲಿಯಾದವರು ಕೇಳುವುದು ಎರಡೇ: ನಮ್ಮ ಲೈಸೆನ್ಸ್ ಇದೆಯಾ, ನಮ್ಮ ದೇಶದಲ್ಲಿ ಕೆಲಸ ಮಾಡುವ ಹಕ್ಕು ಇದೆಯಾ. ಎರಡೂ ಇಲ್ಲ ಅಂದರೆ ಮಾತು ಮುಗಿಯಿತು. ಅಮೆರಿಕಾದಲ್ಲಿ 2013ರಿಂದ ಏರ್‌ಲೈನ್ ಸೀಟಿಗೆ ಸಾಮಾನ್ಯವಾಗಿ 1,500 ಗಂಟೆ ಬೇಕು. ಅದು ಬೇರೆ ಲೋಕದ ಲೆಕ್ಕ. ಪಪುವಾ ನ್ಯೂಗಿನಿಯಿಂದ ಒಬ್ಬರು ಪ್ರೀತಿಯಿಂದಲೇ ಬರೆದರು, "ಇನ್ನೂ ಐನೂರು ಗಂಟೆ ಮಾಡಿಕೊಂಡು ಬಾ" ಅಂತ. ಐನೂರು ಗಂಟೆ ಎಲ್ಲಿ ಸಿಗುತ್ತೆ ಅನ್ನೋದೇ ಅಲ್ವಾ ನಮ್ಮೆಲ್ಲರ ಪ್ರಶ್ನೆ?

ದಿಲ್ಲಿಯ ಏಜೆಂಟ್ ಒಬ್ಬ ಫೋನ್ ಮಾಡುತ್ತಲೇ ಇದ್ದ. 18 ಲಕ್ಷ ಕೊಟ್ಟರೆ ವಿದೇಶದ ಕಂಪನಿಯೊಂದರಲ್ಲಿ ಲೈನ್ ಟ್ರೈನಿಂಗ್ (ಪ್ರಯಾಣಿಕರಿರುವ ವಿಮಾನದಲ್ಲೇ ತರಬೇತಿ), 500 ಗಂಟೆ ಅಂತ. ದುಡ್ಡು ಕೊಟ್ಟು ಬಲ ಸೀಟಿನಲ್ಲಿ, ಕೋ-ಪೈಲಟ್ ಆಗಿ, ಕೂರುವುದು ಕೆಲಸ ಅಲ್ಲ. ಗಂಟೆ ಮುಗಿದ ದಿನ ನಿಮ್ಮ ಜಾಗಕ್ಕೆ 18 ಲಕ್ಷ ಹಿಡಿದುಕೊಂಡು ಇನ್ನೊಬ್ಬ ಬಂದಿರುತ್ತಾನೆ. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ನೀವೂ ನೋಡಬೇಡಿ.

ಬೋಟ್ಸ್ವಾನಾದ ಮಾವುನ್ ಊರಿನ ಹೆಸರು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಆದರೆ ಅಲ್ಲಿ ಯಾಕೆ ಕೆಲಸ ಇದೆ ಅಂತ ತಿಳಿದುಕೊಂಡರೆ ಯಾವಾಗ ಹೋಗಬೇಕು ಅನ್ನೋದೂ ತಿಳಿಯುತ್ತದೆ. ಒಕವಾಂಗೊ ನದಿ ಸಮುದ್ರ ಸೇರುವುದಿಲ್ಲ. ಮರಳುಗಾಡಿನಲ್ಲಿ ಹರಡಿಕೊಂಡು ಅಲ್ಲೇ ಇಂಗಿ ಆವಿಯಾಗುತ್ತದೆ. ಹಾಗೆ ಹರಡಿದ ಒಕವಾಂಗೊ ಡೆಲ್ಟಾ 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಸಾವಿರನೆಯ ಜಾಗ. ಅದರ ಅಂಚಿನಲ್ಲೇ ಮಾವುನ್ ಇರುವುದು. ಮಳೆ ಬೀಳುವುದು ಅಂಗೋಲಾದ ಗುಡ್ಡಗಳಲ್ಲಿ. ಆ ನೀರು ನಿಧಾನಕ್ಕೆ ಇಳಿದು ಮಾವುನ್ ಕಡೆ ಬರುವಷ್ಟರಲ್ಲಿ ಜೂನ್, ಜುಲೈ. ಅಲ್ಲಿ ಆಗ ಮಳೆಯೇ ಇರುವುದಿಲ್ಲ, ಆದರೂ ನೆರೆ. ಒಳಗಿನ ಸಫಾರಿ ಕ್ಯಾಂಪ್‌ಗಳು ನಡುಗಡ್ಡೆ ಆಗುತ್ತವೆ. ಪ್ರವಾಸಿಗಳು, ತರಕಾರಿ, ಅಡುಗೆಯವರು, ಎಲ್ಲರೂ ಸಣ್ಣ ವಿಮಾನದಲ್ಲೇ ಹೋಗಬೇಕು. ಜುಲೈನಿಂದ ಅಕ್ಟೋಬರ್‌ವರೆಗೆ ಭರ್ಜರಿ ಸೀಸನ್. ಕಂಪನಿಗಳು ಜನ ತೆಗೆದುಕೊಳ್ಳುವುದು ಅದಕ್ಕೂ ಮುಂಚೆ, ಮಳೆಗಾಲ ಮುಗಿಯುತ್ತಾ ಬರುವಾಗ. ಸೀಸನ್ ನಡುವೆ ಹೋಗಿ ಚೀಫ್ ಪೈಲಟ್ ಮುಂದೆ ನಿಂತರೆ ಅವರಿಗೆ ನಿಮ್ಮ ಮುಖ ನೋಡುವುದಕ್ಕೂ ಪುರುಸೊತ್ತಿರಲ್ಲ.

ಅಲ್ಲಿ ಇಮೇಲ್ ಓದುವವರಿಲ್ಲ. ಎದುರಿಗೆ ನಿಂತವನಿಗೇ ಕೆಲಸ. ಇದು ಎಲ್ಲರಿಗೂ ಗೊತ್ತು. ಆದರೆ ಎದುರಿಗೆ ನಿಂತ ಹುಡುಗರು ಯುರೋಪು, ದಕ್ಷಿಣ ಆಫ್ರಿಕಾದಿಂದಲೂ ಬಂದಿರುತ್ತಾರೆ. ಅವರ ನಡುವೆ ಮಂಡ್ಯದ ಹುಡುಗನನ್ನೇ ಯಾಕೆ ತೆಗೆದುಕೊಳ್ಳಬೇಕು? ನಾನು ಆರು ತಿಂಗಳು ತಯಾರಿ ಮಾಡಿದ್ದು ಈ ಪ್ರಶ್ನೆಗೆ.

ಒಂದು, ತೂಕ. ಅಲ್ಲಿ ಹಾರಿಸುವ ಸಣ್ಣ ಒಂಟಿ ಇಂಜಿನ್ ವಿಮಾನ ಸೆಸ್ನಾ 206ರಲ್ಲಿ ಪೈಲಟ್ ಹತ್ತು ಕಿಲೋ ಕಡಿಮೆ ಇದ್ದರೆ ಅಷ್ಟು ಸಾಮಾನು ಜಾಸ್ತಿ ಹೋಗುತ್ತದೆ. ಕಂಪನಿಗೆ ಅದೇ ದುಡ್ಡು. ನಾನು 79 ಇದ್ದೆ. ದಿನಾ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ 67ಕ್ಕೆ ಇಳಿಸಿದೆ. ರೆಸ್ಯೂಮೆಯಲ್ಲಿ ಹೆಸರಿನ ಕೆಳಗೇ ತೂಕ ಬರೆದೆ. ಓದಿದ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಯಿತು.

ಎರಡು, ಸೆಖೆ. ಮಾವುನ್ ಇರುವುದು 3,100 ಅಡಿ ಎತ್ತರದಲ್ಲಿ. 38 ಡಿಗ್ರಿ ಬಿಸಿಲಿಗೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ತೆಳುವಾಗಿ ವಿಮಾನಕ್ಕೆ ಅನ್ನಿಸುವ ಎತ್ತರ, 6,500 ಅಡಿ ದಾಟುತ್ತದೆ. ನಮ್ಮ ಮೈಸೂರು ಏರ್‌ಪೋರ್ಟ್ ಇರುವ ಮಂಡಕಳ್ಳಿಯಲ್ಲೂ ಏಪ್ರಿಲ್ ಮಧ್ಯಾಹ್ನ 5,000 ದಾಟುತ್ತೆ, ಯಾರೂ ಲೆಕ್ಕ ಹಾಕಲ್ಲ ಅಷ್ಟೇ. ಬೆಳಗಿನ ತಂಪಿನ ಸ್ಲಾಟ್‌ಗೆ ಎಲ್ಲರೂ ಕಿತ್ತಾಡುವಾಗ ನಾನು ಮಧ್ಯಾಹ್ನದ್ದು ಕೇಳಿ ತೆಗೆದುಕೊಳ್ಳುತ್ತಿದ್ದೆ. ಶಾರ್ಟ್ ಫೀಲ್ಡ್, ಸಾಫ್ಟ್ ಫೀಲ್ಡ್ (ಚಿಕ್ಕ ರನ್‌ವೇ, ಮೆತ್ತನೆ ನೆಲದಲ್ಲಿ ಏರಿ ಇಳಿಯುವ ಅಭ್ಯಾಸ) ಬಿಟ್ಟು ಬೇರೆ ಏನೂ ಮಾಡುತ್ತಿರಲಿಲ್ಲ. ಪ್ರತಿ ಟೇಕಾಫ್‌ಗೂ ಉಷ್ಣಾಂಶ, ತೂಕ, ಎಷ್ಟು ದೂರ ಓಡಿತು, ಎಲ್ಲಾ ಒಂದು ನೋಟ್‌ಬುಕ್‌ನಲ್ಲಿ ಬರೆದೆ. ಆ ನೋಟ್‌ಬುಕ್ ಆಮೇಲೆ ನನಗೆ ಅರ್ಧ ಇಂಟರ್‌ವ್ಯೂ ಗೆದ್ದುಕೊಟ್ಟಿತು.

ಇದರ ನಡುವೆ ಇನ್ನೊಂದು ಪ್ರಯೋಗ. ಸಫಾರಿ ವಿಮಾನದಲ್ಲಿ ಬ್ಯಾಗ್ ತುಂಬುವುದು ಪೈಲಟ್ಟೇ. ಒಬ್ಬರಿಗೆ 20 ಕಿಲೋ ಆಸುಪಾಸು, ಮೆತ್ತನೆ ಬ್ಯಾಗ್ ಮಾತ್ರ. ಸ್ಟ್ರಿಪ್‌ನಲ್ಲಿ, ಅಂದರೆ ಕ್ಯಾಂಪಿನ ಮಣ್ಣಿನ ರನ್‌ವೇಯಲ್ಲಿ, ತಕ್ಕಡಿ ಇರಲ್ಲ. ನಮ್ಮ ದೊಡ್ಡಪ್ಪನ ಆಲೆಮನೆಗೆ ಹೋಗಿ ಬಕೆಟ್ ಬೆಲ್ಲ, ಅಚ್ಚು ಬೆಲ್ಲ ಬೇರೆ ಬೇರೆ ತೂಕಕ್ಕೆ ಚೀಲದಲ್ಲಿ ತುಂಬಿಸಿದೆ. ಕಣ್ಣು ಮುಚ್ಚಿ ಎತ್ತಿ ತೂಕ ಹೇಳುವುದು, ಆಮೇಲೆ ತಕ್ಕಡಿಗೆ ಇಡುವುದು. ಮೊದಲ ವಾರ ನಾಲ್ಕೈದು ಕಿಲೋ ತಪ್ಪುತ್ತಿತ್ತು. ತಿಂಗಳಾದ ಮೇಲೆ ಒಂದು ಕಿಲೋ ಆಚೀಚೆ. ಈಗ ಯಾವ ಬ್ಯಾಗ್ ಕೊಟ್ಟರೂ ಎತ್ತಿದ ತಕ್ಷಣ ಹೇಳುತ್ತೇನೆ. ನಮ್ಮ ಆಪ್ಸ್‌ನವರು (ಹಾರಾಟದ ವೇಳಾಪಟ್ಟಿ ನೋಡಿಕೊಳ್ಳುವವರು) ನನ್ನ ಜೊತೆ ಪಂದ್ಯ ಕಟ್ಟುವುದು ಬಿಟ್ಟಿದ್ದಾರೆ.

ಮೂರನೆಯದು ದುಬಾರಿ. ನಾವೆಲ್ಲ ಕಲಿತದ್ದು ಇನ್ನೂ ಚಿಕ್ಕದಾದ ಸೆಸ್ನಾ 152, 172ರಲ್ಲಿ. 206 ಗೊತ್ತಿಲ್ಲ ಅಂದರೆ ಕಂಪನಿಯೇ ಕಲಿಸಬೇಕು, ಅದು ಅವರ ಖರ್ಚು. ಹೋಗುವ ದಾರಿಯಲ್ಲಿ ಜೊಹಾನ್ಸ್‌ಬರ್ಗ್ ಹತ್ತಿರದ ರ‍್ಯಾಂಡ್ ಏರ್‌ಪೋರ್ಟ್‌ನಲ್ಲಿ ಇನ್‌ಸ್ಟ್ರಕ್ಟರ್ ಜೊತೆ 206 ಹಾರಿಸಿದೆ. ಅದು 5,400 ಅಡಿ ದಾಟಿದ ಎತ್ತರ. ಗಂಟೆಗೆ 20 ಸಾವಿರಕ್ಕೂ ಜಾಸ್ತಿ, ಒಟ್ಟು ಲಕ್ಷದ ಮೇಲೆ ಹೋಯಿತು. ಒಂದು ರೂಪಾಯಿಯೂ ದಂಡ ಅಲ್ಲ. ಖಾಲಿ 206ರ ಮೂಗು ಎಷ್ಟು ಭಾರ, ಕಾದ ಇಂಜಿನ್ ಹತ್ತು ನಿಮಿಷ ನಿಂತು ಮತ್ತೆ ಸ್ಟಾರ್ಟ್ ಆಗುವುದಕ್ಕೆ ಎಷ್ಟು ಸತಾಯಿಸುತ್ತದೆ, ಇದು ಪುಸ್ತಕದಿಂದ ಬರಲ್ಲ. ಬಿಸಿ ಇಂಜಿನ್‌ಗೆ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ. ಅದು ವಿಮಾನ ಎದುರಿಗಿಟ್ಟುಕೊಂಡು ಕಲಿಯುವಂಥದ್ದು.

ಮಾವುನ್‌ನಲ್ಲಿ ಮೊದಲ ಸಲ ಬ್ಯಾಕ್‌ಪ್ಯಾಕರ್ಸ್ ಕ್ಯಾಂಪಿನಲ್ಲಿ ಟೆಂಟ್ ಹಾಕಿಕೊಂಡಿದ್ದೆ. ಬಾಡಿಗೆ ಊಟ ಸೇರಿ ತಿಂಗಳಿಗೆ 45 ಸಾವಿರ ಆಗುತ್ತಿತ್ತು. ಅಲ್ಲಿ ಜೋಳದ ಹಿಟ್ಟಿನ ಬೊಗೊಬೆ ಅಂತ ಮಾಡುತ್ತಾರೆ. ಮುದ್ದೆ ಉಂಡು ಬೆಳೆದವನಿಗೆ ಅದು ಕಷ್ಟವೇ ಆಗಲಿಲ್ಲ. ಪ್ರತಿ ವಾರ ಎಲ್ಲಾ ಆಫೀಸಿಗೂ ಹೋಗುತ್ತಿದ್ದೆ. "ದುಮೆಲಾ ರಾ, ದುಮೆಲಾ ಮಾ" ಅಂತ ಅವರ ಭಾಷೆಯಲ್ಲೇ ನಮಸ್ಕಾರ ಹೇಳಿ, ಐದು ನಿಮಿಷ ಮಾತಾಡಿ ಬರುವುದು. ಕೆಲಸ ಕೇಳುತ್ತಲೇ ಇರಬಾರದು. ಯಾವ ಆಫೀಸಿಗೆ ಮೊದಲು, ಯಾವುದಕ್ಕೆ ಕೊನೆಗೆ, ವಾರದ ಯಾವ ದಿನ ಅನ್ನೋದು ನನ್ನ ಬಳಿಯೇ ಇರಲಿ. ನಮ್ಮ ಚಿಕ್ಕಪ್ಪನ ಮಗ ಅದೇ ದಾರಿಯಲ್ಲಿ ಬರುವವನಿದ್ದಾನೆ.

ಒಂದು ಕಂಪನಿ ಒಪ್ಪಿತು. ವರ್ಕ್ ಪರ್ಮಿಟ್‌ಗೆ ಅರ್ಜಿಯೂ ಹೋಯಿತು. ತಿಂಗಳುಗಟ್ಟಲೆ ಕಾದ ಮೇಲೆ ಪರ್ಮಿಟ್ ಬರಲಿಲ್ಲ. ಸ್ಥಳೀಯ ಪೈಲಟ್‌ಗಳಿಗೆ ಮೊದಲ ಅವಕಾಶ ಅನ್ನೋದು ಅಲ್ಲಿಯ ನೀತಿ. ಅದು ನ್ಯಾಯವೇ, ಅವರ ದೇಶ. ವಿಸಿಟರ್‌ಗೆ ವರ್ಷಕ್ಕೆ 90 ದಿನ ಮಾತ್ರ ಇರಲು ಬಿಡುತ್ತಾರೆ. ಪರ್ಮಿಟ್ ಇಲ್ಲದೆ ಒಂದು ಗಂಟೆಯೂ ಹಾರಿಸುವ ಹಾಗಿಲ್ಲ. ಉಳಿದ ದುಡ್ಡಿನಲ್ಲಿ ನಮೀಬಿಯಾದ ವಿಂಡ್‌ಹುಕ್‌ಗೆ ಬಸ್ ಹತ್ತಿದೆ. ಅಲ್ಲಿಯ ಈರೋಸ್ ಏರ್‌ಪೋರ್ಟ್ ತುಂಬ ಸೆಸ್ನಾ 210ಗಳು. ಒಂದು ವಾರ ಓಡಾಡಿದೆ. ಮೊದಲು ನಮ್ಮ ಲೈಸೆನ್ಸ್ ಮಾಡಿಕೊಂಡು ಬಾ ಅಂದರು. ವಾಪಸ್ ಮೈಸೂರು.

ಆ ದಿನಗಳು ಭಾರವಾಗಿದ್ದವು. ಮೂರು ಲಕ್ಷದಷ್ಟು ಖರ್ಚಾಗಿತ್ತು, ಕೈಯಲ್ಲಿ ಏನೂ ಇರಲಿಲ್ಲ. ಸರಸ್ವತಿಪುರಂನಲ್ಲಿ ಸಣ್ಣ ರೂಮ್ ಹಿಡಿದು ಡಿಜಿಸಿಎ (ನಮ್ಮ ದೇಶದ ವಿಮಾನಯಾನ ಪ್ರಾಧಿಕಾರ) ಪರೀಕ್ಷೆ ಬರೆಯುವ ಹುಡುಗರಿಗೆ ನ್ಯಾವಿಗೇಶನ್, ಮೆಟಿಯರಾಲಜಿ ಪಾಠ ಮಾಡಿದೆ. ತಿಂಗಳಿಗೆ 35 ಸಾವಿರದವರೆಗೂ ಬರುತ್ತಿತ್ತು. ಅಪ್ಪ ಒಂದು ರಾತ್ರಿ ಊಟಕ್ಕೆ ಕೂತಾಗ, "ಇನ್ನೊಂದ್ಸಲ ಹೋಗ್ ಬಾ ಮಗ, ಕಂತು ನಾನ್ ನೋಡ್ಕತೀನಿ" ಅಂದರು. ಆ ಮಾತು ಇಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಎರಡನೆಯ ಸಲ ಕಾಗದದ ಕೆಲಸವೆಲ್ಲ ಮೈಸೂರಿನಲ್ಲೇ ಮುಗಿಸಿಕೊಂಡೆ. ಕ್ಲಾಸ್ 1 ಮೆಡಿಕಲ್ (ಪೈಲಟ್‌ಗೆ ಬೇಕಾದ ಆರೋಗ್ಯ ಸರ್ಟಿಫಿಕೇಟ್) ಹೊಸದು. ಆರ್‌ಟಿಆರ್ (ವಿಮಾನದ ರೇಡಿಯೋ ಲೈಸೆನ್ಸ್), ಇಂಗ್ಲಿಷ್ ಲೆವೆಲ್ ಸರ್ಟಿಫಿಕೇಟ್, ಲಾಗ್‌ಬುಕ್ ಎಲ್ಲಾ ನೋಟರಿ ಆದ ಪ್ರತಿ. ಲೈಸೆನ್ಸ್ ಅಸಲಿ ಅಂತ ಅಲ್ಲಿಯ ಪ್ರಾಧಿಕಾರಕ್ಕೆ ಡಿಜಿಸಿಎಯಿಂದ ಖಾತರಿ ಹೋಗಬೇಕು. ಅದನ್ನು ಮೊದಲೇ ಶುರು ಮಾಡಿ. ಟೆಂಟಿನಲ್ಲಿ ಕಾಯುವುದಕ್ಕಿಂತ ಮನೆಯಲ್ಲಿ ಕಾಯುವುದು ಅಗ್ಗ. ಇಥಿಯೋಪಿಯಾದ ಆಡಿಸ್ ಅಬಾಬಾ ಮೇಲೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಬರುವಾಗ ತೊಂದರೆ ಆಗಬಹುದು.

ಈ ಸಲ ಇನ್ನೊಂದು ಕಂಪನಿಯ ಚೀಫ್ ಪೈಲಟ್ ನನ್ನನ್ನು 206 ಪಕ್ಕ ನಿಲ್ಲಿಸಿ ಕೇಳಿದ ಮೊದಲ ಪ್ರಶ್ನೆ: "ಫ್ಲ್ಯಾಪ್ ಇಳಿದಿದೆ, ವಿಮಾನ ನಿಂತಿದೆ, ಹಿಂದಿನವರು ಹೇಗೆ ಹೊರಗೆ ಬರುತ್ತಾರೆ?" ಇಳಿದ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗುವ ಭಾಗ) ಬಲಗಡೆಯ ಜೋಡಿ ಬಾಗಿಲಿಗೆ ಅಡ್ಡ ಬರುತ್ತದೆ. ಆ ಜೋಡಿಯಲ್ಲಿ ಮುಂದಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ. ನಾನು ಉತ್ತರ ಹೇಳಲಿಲ್ಲ, ಹಿಂದಿನ ಸೀಟಿನಲ್ಲಿ ಕೂತು ಹೊರಗೆ ಬಂದು ತೋರಿಸಿದೆ. ಆಮೇಲೆ ಮಂಡಕಳ್ಳಿಯ ನೋಟ್‌ಬುಕ್ ಕೈಗೆ ಕೊಟ್ಟೆ. ಅವರು ಹತ್ತು ನಿಮಿಷ ಅದನ್ನೇ ತಿರುವಿದರು. ಒಂದು ವಾರದಲ್ಲಿ ಆಫರ್ ಬಂತು. ಪರ್ಮಿಟ್‌ಗೆ ಐದು ತಿಂಗಳು ಹಿಡಿಯಿತು, ಅಷ್ಟೂ ದಿನ ಮೈಸೂರಿನಲ್ಲಿ ಪಾಠ ಮಾಡಿಕೊಂಡು ಕಾದೆ. ಆಮೇಲೆ ಏರ್ ಲಾ (ವಿಮಾನಯಾನ ಕಾನೂನು) ಪರೀಕ್ಷೆ, ಹಾರಿಸಿ ತೋರಿಸುವ ಚೆಕ್ ರೈಡ್. ಎರಡೂ ಮೊದಲ ಸಲಕ್ಕೇ ಆಯಿತು.

ಶುರುವಿನ ಸಂಬಳ ಸುಮಾರು 12 ಸಾವಿರ ಪುಲಾ, ನಮ್ಮ ಲೆಕ್ಕದಲ್ಲಿ 75 ಸಾವಿರ ರೂಪಾಯಿ ಹತ್ತಿರ, ಮನೆ ಕಂಪನಿಯದ್ದು. ಸೀಸನ್‌ನಲ್ಲಿ ದಿನಕ್ಕೆ ಆರೇಳು ಲ್ಯಾಂಡಿಂಗ್, ಒಂದೊಂದು ಹಾರಾಟ ಹದಿನೈದು ಇಪ್ಪತ್ತು ನಿಮಿಷ. ಸಾವಿರ ಮೀಟರ್ ಆಸುಪಾಸಿನ ಮಣ್ಣಿನ ಸ್ಟ್ರಿಪ್‌ಗಳು. ಜಿಂಕೆ, ಆನೆ ನಿಂತಿದ್ದರೆ ತಗ್ಗಿನಲ್ಲಿ ಹಾರಿ ಲೋ ಪಾಸ್ ಮಾಡಿ ಕಾಯಬೇಕು. ಅಕ್ಟೋಬರ್ ಬಿಸಿಲಿನಲ್ಲಿ ಎಸಿ ಇಲ್ಲದ ಕಾಕ್‌ಪಿಟ್‌ನಲ್ಲಿ ಕೂತವನಿಗೆ ಮಂಡ್ಯದ ಬೇಸಿಗೆ ಏನೂ ಅಲ್ಲ. ತಿಂಗಳಿಗೆ 70, 80 ಗಂಟೆ ಬರುತ್ತಿತ್ತು, ಎಲ್ಲಾ ಪಿಐಸಿ, ಅಂದರೆ ವಿಮಾನದ ಹೊಣೆ ಹೊತ್ತ ಪೈಲಟ್ ಆಗಿ. 700 ದಾಟಿದ ಮೇಲೆ ಟರ್ಬೈನ್ ಇಂಜಿನ್‌ನ ದೊಡ್ಡ ಸೆಸ್ನಾ, ಕ್ಯಾರವಾನ್ ಕೊಟ್ಟರು. ಈಗ ಟರ್ಬೈನ್ ಗಂಟೆ ಸೇರುತ್ತಿದೆ. ಎಟಿಪಿಎಲ್‌ಗೆ (ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್) ಬೇಕಾದ 1,500 ಗಂಟೆ ಮುಂದಿನ ಸೀಸನ್ ಮುಗಿಯುವಷ್ಟರಲ್ಲಿ ಆಗುತ್ತದೆ.

ಎರಡೂ ಸಲದ ಟಿಕೆಟ್, ರ‍್ಯಾಂಡ್‌ನ 206, ಟೆಂಟು, ಪರೀಕ್ಷೆ ಫೀಸು, ಎಲ್ಲಾ ಸೇರಿ ಏಳು ಲಕ್ಷ ದಾಟಿಲ್ಲ. ಟೈಪ್ ರೇಟಿಂಗ್‌ನ ಅರ್ಧ. ಕಂತನ್ನು ಈಗ ನಾನೇ ಕಟ್ಟುತ್ತಿದ್ದೇನೆ. ಮನೆ ಪತ್ರ ಇನ್ನೂ ಬ್ಯಾಂಕಿನಲ್ಲಿದೆ, ಎರಡು ಮೂರು ವರ್ಷದಲ್ಲಿ ಬಿಡಿಸುತ್ತೇನೆ. ಸೋದರಮಾವ ಮೊನ್ನೆ ಫೋನ್ ಮಾಡಿ ತಮ್ಮ ಮಗನಿಗೆ ಸಿಪಿಎಲ್ ಮಾಡಿಸಬಹುದಾ ಅಂತ ಕೇಳಿದರು. ಮೊದಲು ಕ್ಲಾಸ್ 1 ಮೆಡಿಕಲ್ ಮಾಡಿಸಿ, ಅದು ಪಾಸಾದ ಮೇಲೆ ಮಿಕ್ಕಿದ್ದು ಮಾತಾಡೋಣ ಅಂದಿದ್ದೇನೆ.