ಪೊಕ್ಲೇನ್, ಜೆಸಿಬಿಗೆ ವಿಮೆ: ಪುಣೆಯಲ್ಲಿ ನಾನು ಮಾಡಿಸುವ ಕ್ರಮ

ಪಿರಂಗುಟ, ಚಾಕಣ, ವಾಘೋಲಿ ಕಡೆ ಮಣ್ಣು-ಬಂಡೆ ಕೆಲಸದಲ್ಲಿರುವ ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿಯ ಯಂತ್ರ ಮಾಲೀಕರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ‘ಪಾಲಿಸಿ ಚಾಲ್ತಿಯಲ್ಲಿತ್ತು, ಪ್ರೀಮಿಯಂ ಕಟ್ಟಿದ್ದೆ, ಆದರೂ ಕ್ಲೇಮ್ ಅರ್ಧಕ್ಕೆ ಅರ್ಧ ಕಡಿತವಾಯಿತು, ಯಾಕೆ?’ ಬಹುತೇಕ ಸಲ ಉತ್ತರ ಪಾಲಿಸಿಯ ಮೊದಲ ಹಾಳೆಯಲ್ಲೇ, ವಿಮಾ ಮೊತ್ತ ಬರೆದ ಕಾಲಂನಲ್ಲೇ ಇರುತ್ತದೆ.

ಚೈನ್ ಮೇಲೆ ಓಡುವ ಎಕ್ಸ್‌ಕವೇಟರ್, ಅಂದರೆ ನಾವು ಪೊಕ್ಲೇನ್ ಎನ್ನುವ ಯಂತ್ರಕ್ಕೆ ಕಾಂಟ್ರಾಕ್ಟರ್ಸ್ ಪ್ಲಾಂಟ್ ಅಂಡ್ ಮಷಿನರಿ ಪಾಲಿಸಿ ಬೇಕು. ಚಿಕ್ಕದಾಗಿ ಸಿಪಿಎಂ. ಇದರಲ್ಲಿ ವಿಮಾ ಮೊತ್ತ ಎಂದರೆ ನೀವು ಕೊಟ್ಟ ಬೆಲೆಯಲ್ಲ, ಲೆಕ್ಕಪತ್ರದಲ್ಲಿ ಸವಕಳಿ ಕಳೆದು ಉಳಿದ ಬೆಲೆಯೂ ಅಲ್ಲ. ಅದೇ ಬಗೆಯ, ಅದೇ ಸಾಮರ್ಥ್ಯದ ಹೊಸ ಯಂತ್ರ ಇವತ್ತು ಸೈಟಿಗೆ ಬಂದು ನಿಲ್ಲಲು ತಗಲುವ ಪೂರ್ತಿ ವೆಚ್ಚ. ಸಾಗಣೆ, ಸುಂಕ ಎಲ್ಲ ಸೇರಿ. ಸೆಕೆಂಡ್ ಹ್ಯಾಂಡ್ ಕೊಂಡವರು ತಪ್ಪುವುದು ಇಲ್ಲಿಯೇ. ಹೊಸದರ ಬೆಲೆ 60 ಲಕ್ಷ ಎಂದುಕೊಳ್ಳಿ. 27 ಲಕ್ಷಕ್ಕೆ ಹಳೆಯದು ಸಿಕ್ಕಿತು, ಅಷ್ಟಕ್ಕೇ ವಿಮೆ ಮಾಡಿಸಿದಿರಿ. ಯಂತ್ರ ಮಗುಚಿ ರಿಪೇರಿ ಬಿಲ್ 8 ಲಕ್ಷವಾದರೆ ಸರ್ವೇಯರ್, ಅಂದರೆ ಹಾನಿ ಅಂದಾಜು ಮಾಡಲು ಬರುವವರು, 27ನ್ನು 60ರಿಂದ ಭಾಗಿಸುತ್ತಾರೆ. ಬರುವುದು ಶೇಕಡಾ 45. ಬಿಲ್ಲಿನ ಅಷ್ಟೇ ಪಾಲು, 3.6 ಲಕ್ಷ, ಅದರಲ್ಲಿ ಎಕ್ಸೆಸ್ (ಪ್ರತಿ ಕ್ಲೇಮಿನಲ್ಲಿ ಮಾಲೀಕರೇ ಹೊರಬೇಕಾದ ಮೊತ್ತ) 50 ಸಾವಿರ ಇದ್ದರೆ ಕೈಗೆ 3.1 ಲಕ್ಷ. ಉಳಿದ 4.9 ಲಕ್ಷ ನಿಮ್ಮ ಜೇಬಿನಿಂದ. ಕಡಿಮೆ ಮೊತ್ತ ಬರೆಸಿ ಪ್ರೀಮಿಯಂನಲ್ಲಿ ಉಳಿಸಿದ ಹಣ ಇದರ ಮುಂದೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಅದಕ್ಕೇ ಪ್ರತಿ ನವೀಕರಣಕ್ಕೂ ಮೊದಲು ಡೀಲರ್ ಹತ್ತಿರ ಆ ಮಾದರಿಯ ಈಗಿನ ದರದ ಕೊಟೇಶನ್ ತರಿಸುತ್ತೇನೆ. ಆ ಮಾದರಿ ನಿಂತುಹೋಗಿದ್ದರೆ ಅದೇ ಟನ್ನಿನ, ಅದೇ ಬಕೆಟ್ ಸಾಮರ್ಥ್ಯದ ಮಾದರಿಯದು. ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತೆಗೆದುಕೊಳ್ಳುವವರಿಗೆ ರಿಪೇರಿ ಬಿಲ್ಲಿನ ತೆರಿಗೆಯನ್ನು ಕ್ಲೇಮಿನಲ್ಲಿ ಕೊಡುವುದಿಲ್ಲ. ಆದ್ದರಿಂದ ಮೊತ್ತ ತೆರಿಗೆ ಬಿಟ್ಟೋ ಸೇರಿಸಿಯೋ ಎಂಬುದನ್ನು ವಿಮೆಯ ಅರ್ಜಿಯಲ್ಲೇ ಬರೆಸಬೇಕು. ಇನ್ನೊಂದು ಮಾತು: ಭಾಗಶಃ ಹಾನಿಗೆ ಸಾಮಾನ್ಯವಾಗಿ ಬಿಡಿಭಾಗಗಳ ಮೇಲೆ ಸವಕಳಿ ಕಳೆಯುವುದಿಲ್ಲ, ಬೇಗ ಸವೆಯುವ ಭಾಗಗಳಿಗೆ ಮಾತ್ರ ಕಳೆಯುತ್ತಾರೆ. ಯಂತ್ರ ಪೂರ್ತಿ ಹೋದರೆ ಸಿಗುವುದು ಅಪಘಾತಕ್ಕೆ ಮುಂಚಿನ ನಿಜಬೆಲೆಯಷ್ಟೇ. 60 ಲಕ್ಷಕ್ಕೆ ವಿಮೆ ಮಾಡಿಸಿದರೆ 60 ಲಕ್ಷವೇ ಬರುತ್ತದೆ ಎಂದು ನಂಬಬೇಡಿ.

ಪಾಲಿಸಿಯ ಶೆಡ್ಯೂಲಿನಲ್ಲಿ, ಅಂದರೆ ವಿವರಪಟ್ಟಿಯಲ್ಲಿ, ಯಂತ್ರದ ಸೀರಿಯಲ್ ನಂಬರ್, ಎಂಜಿನ್ ನಂಬರ್, ತಯಾರಾದ ವರ್ಷ ಮೂರೂ ಇರಬೇಕು. ಪುಣೆಯ ನೆಲ ಕಪ್ಪು ಬಸಾಲ್ಟ್ ಬಂಡೆ. ಅಡಿಪಾಯ ತೋಡಲು ಬ್ರೇಕರ್, ಅಂದರೆ ತೋಳಿಗೆ ಜೋಡಿಸುವ ಬಂಡೆ ಒಡೆಯುವ ಸುತ್ತಿಗೆ, ಇಲ್ಲದೆ ಆಗದು. ಆ ಬ್ರೇಕರನ್ನು ಅದರದೇ ನಂಬರ್, ಅದರದೇ ಮೊತ್ತದೊಂದಿಗೆ ಬೇರೆ ಸಾಲಿನಲ್ಲಿ ಬರೆಸಿ. ಇಲ್ಲದಿದ್ದರೆ ಅದು ಪಾಲಿಸಿಯಲ್ಲಿ ಇಲ್ಲವೆಂದೇ ಅರ್ಥ.

ಯಾವುದಕ್ಕೆ ಹಣ ಬರುವುದಿಲ್ಲ ಎಂಬುದು ಆಪರೇಟರನಿಗೂ ಗೊತ್ತಿರಬೇಕು. ಸಿಪಿಎಂ ಇರುವುದು ಅಪಘಾತಕ್ಕೆ, ಯಂತ್ರದೊಳಗಿನ ಕೆಡುಕಿಗಲ್ಲ. ಹೈಡ್ರಾಲಿಕ್ ಪಂಪ್ ಸೀಜ್ ಆದರೆ, ಆಯಿಲ್ ಇಲ್ಲದೆ ಎಂಜಿನ್ ಜಾಮ್ ಆದರೆ, ವೆಲ್ಡಿಂಗ್ ದಣಿದು ಬೂಮ್ ಬಿರುಕು ಬಿಟ್ಟರೆ ಕ್ಲೇಮ್ ಇಲ್ಲ. ಟೈರ್, ಬ್ಯಾಟರಿ, ಬೆಲ್ಟ್, ಚೈನ್, ಕ್ರೇನಿನ ವೈರ್ ರೋಪ್, ಡ್ರಿಲ್ ಬಿಟ್‌ನಂತಹ ಬದಲಾಯಿಸುವ ಭಾಗಗಳಷ್ಟೇ ಹಾಳಾದರೂ ಇಲ್ಲ. ಆದರೆ ಒಳಗಿನ ಕೆಡುಕಿನಿಂದ ಹೊರಗೆ ಅಪಘಾತವಾದರೆ ಮಾತು ಬೇರೆ. ಹೋಸ್ ಒಡೆದು ಬಿಸಿ ಟರ್ಬೊ ಮೇಲೆ ಎಣ್ಣೆ ಚಿಮ್ಮಿ ಕ್ಯಾಬಿನ್ ಸುಟ್ಟಿತು ಎಂದುಕೊಳ್ಳಿ: ಹೋಸಿಗೆ ಹಣವಿಲ್ಲ, ಬೆಂಕಿಯ ಹಾನಿಗೆ ಇದೆ. ಹಾಗಾಗಿ ಮಾಹಿತಿ ಕೊಡುವಾಗ ‘ಮಷಿನ್ ಬ್ರೇಕ್‌ಡೌನ್ ಆಯಿತು’ ಎಂದು ಗಡಿಬಿಡಿಯಲ್ಲಿ ಬರೆಯಬಾರದು. ಏನಾದ ಮೇಲೆ ಏನಾಯಿತು ಎಂದು ಕ್ರಮವಾಗಿ, ನಡೆದದ್ದನ್ನು ನಡೆದಂತೆಯೇ ಬರೆಯಬೇಕು.

ನೀರಿನ ವಿಷಯದಲ್ಲಿ ಪುಣೆಗೂ ಕರಾವಳಿಗೂ ವ್ಯತ್ಯಾಸವಿದೆ. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿಗೆ ಮುಠಾ ನದಿ ನುಗ್ಗಿತಲ್ಲ, ಅಂಥ ನೆರೆಯಲ್ಲಿ ಯಂತ್ರ ಮುಳುಗಿದರೆ, ಪಾಲಿಸಿಯಲ್ಲಿ ನೆರೆ ಸೇರಿದ್ದರೆ, ಕ್ಲೇಮ್ ನಿಲ್ಲುತ್ತದೆ. ಗೋವಾದ ಮಾಂಡವಿ, ಜುವಾರಿ ದಂಡೆಯಲ್ಲೋ ಮುಂಬೈ ಖಾರಿಯಲ್ಲೋ (ಸಮುದ್ರದ ನೀರು ಬರುವ ತೊರೆ) ಉಬ್ಬರವಿಳಿತದ ನೀರಿನಲ್ಲಿ ಮುಳುಗಿದರೆ ಸಾಮಾನ್ಯ ಸಿಪಿಎಂ ಷರತ್ತಿನಲ್ಲಿ ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ, ಯಂತ್ರ ಅರ್ಧ ಮುಳುಗಿದ್ದರೂ ಅಷ್ಟೇ. ಮುಳುಗಿದ ಎಂಜಿನ್ ಸ್ಟಾರ್ಟ್ ಮಾಡಿ ನೋಡಲೇಬಾರದು. ಸಿಲಿಂಡರಿನಲ್ಲಿ ನೀರಿದ್ದರೆ ಅದು ಒತ್ತಲ್ಪಡುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದು ನೆರೆಯ ಹಾನಿಯಲ್ಲ, ನೀವು ಮಾಡಿದ್ದು ಎಂದು ಸರ್ವೇಯರ್ ಬರೆದರೆ ವಾದಿಸುವುದು ಕಷ್ಟ. ಬ್ಯಾಟರಿ ಕಳಚಿ, ಎಳೆದು ಎತ್ತರಕ್ಕೆ ತಂದು, ನೀರು ಯಾವ ಮಟ್ಟಕ್ಕೆ ಏರಿತ್ತು ಎಂಬುದರ ಫೋಟೊ ತೆಗೆದು ಕಾಯಬೇಕು.

ಯಂತ್ರವನ್ನು ಲೋಬೆಡ್ ಟ್ರೇಲರ್ ಮೇಲೆ ಗೋವಾಕ್ಕೆ ಕಳಿಸುವಾಗ ಸಿಪಿಎಂ ಸಾಗಣೆಯ ಹಾನಿಗೆ ಬರುವುದಿಲ್ಲ. ಚೋರ್ಲಾ ಘಾಟಿಯ ತಿರುವಿನಲ್ಲಿ ಟ್ರೇಲರ್ ಬಿದ್ದರೆ ಬೇಕಾಗುವುದು ಒಳನಾಡು ಸಾಗಣೆ ವಿಮೆ. ಆ ಒಂದು ಪ್ರಯಾಣಕ್ಕಷ್ಟೇ ಸಿಗುತ್ತದೆ. ರ್‍ಯಾಂಪ್ ಮೇಲೆ ಹತ್ತಿಸುವಾಗ, ಇಳಿಸುವಾಗ ಜಾರಿದರೆ ಯಾವ ಪಾಲಿಸಿ ಎಂಬುದನ್ನು ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಹೊಸ ಸೈಟಿನ ವಿಳಾಸದ ಎಂಡಾರ್ಸ್‌ಮೆಂಟ್ (ಪಾಲಿಸಿಯ ತಿದ್ದುಪಡಿ ಪತ್ರ) ಟ್ರೇಲರ್ ಹೊರಡುವ ಮೊದಲೇ ಕೈಗೆ ಬಂದಿರಬೇಕು. ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಪ್ರಕಾರ ಪ್ರೀಮಿಯಂ ಸೇರುವ ತನಕ ಹೊಣೆ ಶುರುವಾಗುವುದಿಲ್ಲ. ‘ನಾಳೆ ಚೆಕ್ ಕಳಿಸುತ್ತೇನೆ’ ಎಂಬ ಮಾತಿಗೆ ಬೆಲೆಯಿಲ್ಲ.

ರಬ್ಬರ್ ಟೈರಿನ ಜೆಸಿಬಿ ಬ್ಯಾಕ್‌ಹೋ ಲೋಡರ್ ಕಥೆಯೇ ಬೇರೆ. ಅದು ಆರ್‌ಟಿಒದಲ್ಲಿ ನೋಂದಣಿಯಾಗುವ ವಾಹನ. ರಸ್ತೆಗೆ ಇಳಿದರೆ 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ನಿನಂತೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಮೋಟಾರ್ ಪಾಲಿಸಿಯಲ್ಲಿ ವಿಮಾ ಮೊತ್ತ ಎಂದರೆ ಐಡಿವಿ, ಅಂದರೆ ಸವಕಳಿ ಕಳೆದು ಘೋಷಿಸಿದ ಬೆಲೆ. ಇದರಲ್ಲಿ ನಾನು ಮೊದಲು ಹುಡುಕುವುದು ಐಎಂಟಿ 47 ಎಂಬ ಷರತ್ತನ್ನು. ಯಂತ್ರ ಉಪಕರಣವಾಗಿ ಕೆಲಸ ಮಾಡುವಾಗ, ಅಂದರೆ ತೋಡುವಾಗ, ಎತ್ತುವಾಗ ಮಗುಚಿದರೆ ಆಗುವ ಹಾನಿಯನ್ನು ಅದು ಹೊರಗಿಡುತ್ತದೆ. ಜೆಸಿಬಿ ಮಗುಚುವುದೇ ಹೆಚ್ಚಾಗಿ ಕೆಲಸದ ಹೊತ್ತಿನಲ್ಲಿ, ಹಳ್ಳದ ಅಂಚಿನಲ್ಲಿ. ಹೆಚ್ಚುವರಿ ಪ್ರೀಮಿಯಂ ಕೊಟ್ಟು ಆ ಅಪಾಯವನ್ನು ಸೇರಿಸಿಕೊಳ್ಳದಿದ್ದರೆ ಸ್ವಂತ ಹಾನಿಯ ವಿಮೆಯ ಮುಖ್ಯ ಉಪಯೋಗವೇ ಹೋಯಿತು.

ಬಕೆಟ್ ತಾಗಿ ಗ್ಯಾಸ್ ಪೈಪ್, ಕೇಬಲ್ ಕಡಿದರೆ ಆ ಹಾನಿಗೆ ಸಿಪಿಎಂನಲ್ಲಿ ಥರ್ಡ್ ಪಾರ್ಟಿ ಹೊಣೆಯನ್ನು ಬೇರೆಯಾಗಿ ಸೇರಿಸಬೇಕು. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ತಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪಿನಲ್ಲಿ ಅಗೆತದ ಮಾಹಿತಿ ಹಾಕಿ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ, ಎಚ್ಚರಿಕೆ ವಹಿಸಿದ್ದಕ್ಕೆ ಪುರಾವೆ ಸಿಗುತ್ತದೆ. ಆಪರೇಟರನಿಗೆ ಪೆಟ್ಟಾದರೆ ಸಿಪಿಎಂನಿಂದ ಏನೂ ಬರುವುದಿಲ್ಲ. ಅದಕ್ಕೆ ನೌಕರರ ಪರಿಹಾರದ ಬೇರೆ ಪಾಲಿಸಿ ಬೇಕು. ಊರು ಬಿಟ್ಟು ಬಂದು ಆ ಸೀಟಿನಲ್ಲಿ ಕೂತವನು ನಮ್ಮ ಹುಡುಗ. ಯಂತ್ರಕ್ಕೆ ವಿಮೆ ಮಾಡಿಸಿ ಅವನನ್ನು ಬಿಡುವುದು ಸರಿಯಲ್ಲ.

ಕ್ಲೇಮ್ ಆದ ದಿನವೇ ಫೋನ್ ಜೊತೆ ಇಮೇಲ್ ಹೋಗಬೇಕು. ಯಂತ್ರ ಸರಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೊ, ಅವರ್ ಮೀಟರಿನದೊಂದು (ಯಂತ್ರ ಓಡಿದ ಗಂಟೆ ತೋರಿಸುವ ಮೀಟರ್), ನಂಬರ್ ಪ್ಲೇಟಿನದೊಂದು. ಕಳವು, ಬೆಂಕಿ, ಜನರಿಗೆ ಗಾಯವಾಗಿದ್ದರೆ ಪೊಲೀಸ್ ದೂರು, ಪಂಚನಾಮೆ. ಬೆಂಕಿಗೆ ಅಗ್ನಿಶಾಮಕ ದಳದ ವರದಿ. ನೆರೆಗೆ ಹವಾಮಾನ ಇಲಾಖೆಯ ಮಳೆ ಅಂಕಿ. ಸರ್ವಿಸ್ ದಾಖಲೆ, ಆಪರೇಟರನ ಲೈಸೆನ್ಸ್, ಅಂದಿನ ಲಾಗ್ ಶೀಟ್, ವರ್ಕ್ ಆರ್ಡರ್ ಸರ್ವೇಯರ್ ಕೇಳಿಯೇ ಕೇಳುತ್ತಾರೆ. ಅವರು ನೋಡುವ ತನಕ ಮುರಿದ ಭಾಗ ಗುಜರಿಗೆ ಹೋಗಕೂಡದು. ಯಂತ್ರದ ಮೇಲೆ ಸಾಲವಿದ್ದರೆ ಹಣ ಬ್ಯಾಂಕಿನ ಮೂಲಕವೇ ಬರುತ್ತದೆ, ಅವರಿಗೂ ಅಂದೇ ತಿಳಿಸಿ.

ಕೊನೆಗೆ ಕೊಡುವ ಮೊತ್ತ ಒಪ್ಪಿಗೆಯಾಗದಿದ್ದರೆ ‘ಪೂರ್ಣ ಮತ್ತು ಅಂತಿಮ’ ಎಂಬ ರಸೀದಿಗೆ ಸುಮ್ಮನೆ ಸಹಿ ಹಾಕಬೇಡಿ. ಸರ್ವೇ ವರದಿಯ ಪ್ರತಿ ಕೇಳಿ, ಆಕ್ಷೇಪವನ್ನು ಬರೆದು ಕಂಪನಿಗೆ ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ) ದೂರು ಕೊಡಬಹುದು. ಪುಣೆಯಲ್ಲೇ ಅವರ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಒಬ್ಬರೇ ಮಾಲೀಕರಿರುವ ಸಂಸ್ಥೆ, ಸೂಕ್ಷ್ಮ ಉದ್ದಿಮೆಗಳ ಪಾಲಿಸಿಯೂ ಅಲ್ಲಿ ನಡೆಯುತ್ತದೆ. ಪರಿಹಾರದ ಮಿತಿ 50 ಲಕ್ಷ. ಅಲ್ಲಿ ಉದ್ಯಮ್ ನೋಂದಣಿಯ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಪ್ರತಿ ಉಪಯೋಗಕ್ಕೆ ಬರುತ್ತದೆ, ಪಾಲಿಸಿ ಫೈಲಿನಲ್ಲೇ ಇಟ್ಟಿರಿ.