ಖಣದ ಮಗ್ಗದ ಮೇಲೆ ಧ್ರುವ ನಕ್ಷತ್ರ: ಕೂಸು ಕಟ್ಟುವ ಬಟ್ಟೆ ನೇಯ್ದ ನನ್ನ ಅನುಭವ

ಖಣದ ಮಗ್ಗದಲ್ಲಿ ನಾನು ನೇಯ್ದ ಕೂಸು ಕಟ್ಟುವ ಬಟ್ಟೆಯ ಹನ್ನೊಂದನೇ ಪೀಸು ಮೊನ್ನೆ ಮಾರಾಟವಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಎರಡು ವರ್ಷ "ಇದು ಆಗೋ ಮಾತಲ್ಲ" ಅಂದವರೇ ಈಗ ಗುಳೇದಗುಡ್ಡದ ನಮ್ಮ ಮನೆಗೆ ಬಂದು, ಚಹಾ ಕುಡಿದು, ಸುಮ್ನೆ ಅನ್ನುವ ಹಾಗೆ ಜಕಾರ್ಡ್ ಕಾರ್ಡಿನ (ಮಗ್ಗದಲ್ಲಿ ಚಿತ್ತಾರ ಎಬ್ಬಿಸುವ ತೂತಿನ ಪಟ್ಟಿ) ಫೋಟೋ ತೆಗೆಯಲು ನೋಡುತ್ತಾರೆ.

ಈ ಹುಚ್ಚು ಹಿಡಿದದ್ದು ಅಗಲದಿಂದ. ಬೇಬಿ ವ್ರ್ಯಾಪ್‌ಗೆ, ಅಂದರೆ ಕೂಸನ್ನು ಮೈಗೆ ಕಟ್ಟಿಕೊಳ್ಳುವ ಉದ್ದ ಬಟ್ಟೆಗೆ, ಬೇಕಾದದ್ದು 28ರಿಂದ 30 ಇಂಚು ಅಗಲ. ನಮ್ಮ ಖಣ, ಅಂದರೆ ಕುಪ್ಪಸದ ಬಟ್ಟೆ, ಸುಮಾರು 31 ಇಂಚು. ಮಗ್ಗ ಬದಲಿಸುವ ಅಗತ್ಯವೇ ಇಲ್ಲ, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಣಿಗೆ ಬದಲಿಸಿದರೆ ಸಾಕು. ಜರ್ಮನಿಯ ಡಿಡಿಮೋಸ್‌ನವರು 1972ರಿಂದ ಇಂಥ ಬಟ್ಟೆ ಮಾರುತ್ತಿದ್ದಾರೆ, ನಾವು ತಲೆಮಾರುಗಳಿಂದ ಹಳೇ ಸೀರೆಯಲ್ಲಿ ಕೂಸು ಕಟ್ಟಿಕೊಂಡು ಹೊಲಕ್ಕೆ ಹೋದವರು. ನಮಗೆ ಬರದೇ ಇರುತ್ತಾ?

ಬಂತು, ಆದರೆ ದುಡ್ಡು ತಿಂದು ಬಂತು.

ಮೊದಲನೇ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆ, ಅರವತ್ತು ಮೀಟರ್. ಖಣದ ಪದ್ಧತಿಯಲ್ಲೇ, ಹೆಚ್ಚುವರಿ ಹಾಸಿನಿಂದ ನಕ್ಷತ್ರ ಎಬ್ಬಿಸಿದೆ. ಮುಂದೆ ಚೆಂದ. ಹಿಂದೆ ನೋಡಿದರೆ ಅರ್ಧ ಇಂಚು ಉದ್ದದ ಎಳೆಗಳು ಜೋತಾಡುತ್ತಿದ್ದವು. ನಾದಿನಿಯ ನಾಲ್ಕು ತಿಂಗಳ ಕೂಸು ಐದೇ ನಿಮಿಷದಲ್ಲಿ ಕಿರುಬೆರಳು ಸಿಕ್ಕಿಸಿಕೊಂಡು ಚೀರಿತು. ಆ ಬಟ್ಟೆ ಸಾದಾ ನೇಯ್ಗೆ ಬೇರೆ, ಓರೆಯಾಗಿ ಎಳೆದರೂ ಸಾಕಷ್ಟು ಬಗ್ಗುವುದಿಲ್ಲ, ಹೆಗಲು ಕೊಯ್ಯುತ್ತದೆ. ಹನ್ನೆರಡು ಪೀಸು, ಇಪ್ಪತ್ತೆರಡು ಸಾವಿರದ ಹತ್ತಿರ. ಎಲ್ಲ ಈಗ ನಮ್ಮ ಮನೆಯ ದಿಂಬಿನ ಚೀಲ.

ಎರಡನೇ ಸಲ ಹೆಚ್ಚುವರಿ ಎಳೆಯ ಸಹವಾಸವೇ ಬೇಡ ಅಂತ ಎರಡೆಳೆ ಹುರಿ ಮಾಡಿದ ಹತ್ತಿ ನೂಲಿನಲ್ಲಿ (2/20) ಹಾಸು ಕಡುನೀಲಿ, ಹೊಕ್ಕು (ಅಡ್ಡೆಳೆ) ಬಿಳಿ ಹಾಕಿದೆ. ನೆಲವೆಲ್ಲ ಹಾಸು ಮೇಲೆ ಬರುವ ಟ್ವಿಲ್ (ಓರೆಗೆರೆಯ ನೇಯ್ಗೆ), ನಕ್ಷತ್ರ ಇರುವಲ್ಲಿ ಹೊಕ್ಕು ಮೇಲೆ. ಯಾವ ಎಳೆಯೂ ಮೂರು ಎಳೆ ದಾಟಿ ಹಾರುವುದಿಲ್ಲ. ನೀಲಿಯ ನಡುವೆ ಇಣುಕುವ ಬಿಳಿ ಚುಕ್ಕಿ ತಾನೇ ಆಕಾಶಗಂಗೆ ಆಯಿತು. ಅದು ನನ್ನ ಜಾಣತನ ಅಂತ ಎಲ್ಲರ ಮುಂದೆ ಹೇಳಿದ್ದೇನೆ, ನಿಜವಾಗಿ ತಾನಾಗೇ ಆದದ್ದು. ನಕ್ಷತ್ರದ ಸುತ್ತ ಬಟ್ಟೆ ಸುಕ್ಕಾಗುತ್ತಿತ್ತು. ಅದನ್ನು ಹೇಗೆ ಬಿಡಿಸಿದೆ ಅಂತ ಮಾತ್ರ ಇಲ್ಲಿ ಬರೆಯಲ್ಲ, ಅದು ನಮ್ಮ ಅನ್ನ.

ಆಗ ಮಾವನವರ ತಕರಾರು ಶುರುವಾಯಿತು. ನಲವತ್ತು ವರ್ಷ ಖಣ ನೇಯ್ದವರು. "ಯವ್ವಾ, ಕೂಸಿಗೆ ಯಾರರ ಕರೇ ಅರಿವಿ ಸುತ್ತತಾರೇನ?" ಅಂದರು. ಕರಿ ಅಲ್ಲ ಮಾವಾರೆ, ನೀಲಿ, ಮತ್ತೆ ಕೂಸಿನ ಗಲ್ಲಕ್ಕೆ ಇಡುವ ದೃಷ್ಟಿಬೊಟ್ಟು ಯಾವ ಬಣ್ಣ ಅಂದೆ. ಮಾತಾಡಲಿಲ್ಲ.

ಆದರೆ ಬಣ್ಣ ನನ್ನ ಪರವಾಗಿ ಮಾತಾಡಲಿಲ್ಲ. ಆಸೆಪಟ್ಟು ನೈಸರ್ಗಿಕ ನೀಲಿಯಲ್ಲಿ ಅದ್ದಿಸಿದ್ದೆ. ಕೂಸುಗಳು ಬಟ್ಟೆಯ ಅಂಚು ಚೀಪುತ್ತವೆ, ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಒಂದು ಸಂಜೆ ನಾದಿನಿಯ ಅತ್ತೆ ಕೂಸಿನ ನೀಲಿ ತುಟಿ ನೋಡಿ, ಉಸಿರು ಕಟ್ಟಿದೆ ಅಂದುಕೊಂಡು ಆಟೋ ಕರೆಸಿಬಿಟ್ಟಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ತುಟಿ ಕೆಂಪಗೇ ಇತ್ತು! ನಾನು ನಕ್ಕೆ, ಅವರು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಅವತ್ತಿನಿಂದ ರಿಯಾಕ್ಟಿವ್ ಬಣ್ಣದ, ಅಂದರೆ ಎಳೆಗೇ ಕೂಡಿಕೊಳ್ಳುವ ರಾಸಾಯನಿಕ ಬಣ್ಣದ ನೂಲೇ. ಉಪ್ಪು ಹಾಕಿದ ಬಿಸಿನೀರಲ್ಲಿ ಬಿಳಿ ಚಿಂದಿ ನೆನೆಸಿ, ನೂಲಿನ ಲಡಿಗೆ ಬಿಗಿದು ಒಂದು ರಾತ್ರಿ ಇಡುತ್ತೇನೆ. ಚಿಂದಿ ಬಿಳಿಯಾಗೇ ಉಳಿದರೆ ಮಾತ್ರ ಹಾಸು ಹಾಕುವುದು.

ಇನ್ನು ಆಕಾಶ. ನನ್ನ ಜಕಾರ್ಡ್ 400 ಹುಕ್ಕಿನದು, ಅಂದರೆ ಒಂದು ಚಿತ್ರಕ್ಕೆ 400 ಎಳೆ. ಇಂಚಿಗೆ 44 ಎಳೆ ಅಂದರೆ ಒಂಬತ್ತು ಇಂಚಿಗೆ ಚಿತ್ರ ಮುಗಿದು ಮತ್ತೆ ಅದೇ ಶುರು. ಮೊದಲ ಡಿಸೈನಿನಲ್ಲಿ ಅಗಲಕ್ಕೆ ಮೂರು ಸಪ್ತರ್ಷಿ ಮಂಡಲ ಬಂದವು, ಇಪ್ಪತ್ತೊಂದು ಋಷಿಗಳು! ಕಾರ್ಡಿಗೆ ಕೊಟ್ಟ ಏಳೆಂಟು ಸಾವಿರ ಮಣ್ಣುಪಾಲು.

ದಾರಿ ಸಿಕ್ಕಿದ್ದು ಕಟ್ಟುವಾಗ. ವ್ರ್ಯಾಪ್ ಕಟ್ಟುವವರು ಮೊದಲು ಹುಡುಕುವುದು ಬಟ್ಟೆಯ ಉದ್ದದ ನಟ್ಟನಡುವಿಗೆ, ಅಂಚಿನಲ್ಲಿರುವ ಗುರುತು. ಹೆಚ್ಚಿನ ಕಂಪನಿಯವರು ಅಲ್ಲಿ ಒಂದು ಚೀಟಿ ಹೊಲಿಯುತ್ತಾರೆ. ನಾನು ಅಲ್ಲಿ ಧ್ರುವನನ್ನು ಕೂರಿಸಿದೆ. ಅಪ್ಪನ ತೊಡೆ ಏರಲು ಹೋಗಿ ಸುರುಚಿಯ ಕೈಲಿ ಬೈಸಿಕೊಂಡ ಕೂಸು ಅದು, ಕೂಸು ಕಟ್ಟುವ ಬಟ್ಟೆಗೆ ಅವನಿಗಿಂತ ಬೇರೆ ಯಾರು ಬೇಕು? ಜಕಾರ್ಡಿನಲ್ಲಿ ಹಾಕಿದರೆ ಅವನೂ ಮೂವರಾಗುತ್ತಾನೆ, ಅದಕ್ಕೆ ಅವನೊಬ್ಬನನ್ನು ಕೈಯಿಂದಲೇ, ಸಣ್ಣ ಬುಟ್ಟಾ (ಬಿಡಿ ಹೂವು) ಹಾಕುವ ಹಾಗೆ ಸೇರಿಸುತ್ತೇನೆ. ಅರ್ಧ ತಾಸು ಹಿಡಿಯುತ್ತದೆ. ಅವನು ಅಂಚಿಗೆ ತೀರಾ ಹತ್ತಿರವಾದ ಅಂತ ಒಬ್ಬರು ಅಂದರು. ನಮ್ಮ ಮಾಳಿಗೆ ಮೇಲೆ ನಿಂತು ಬಡಗಣಕ್ಕೆ ನೋಡಿ, ಧ್ರುವ ಇರುವುದೇ 16 ಡಿಗ್ರಿ ಎತ್ತರದಲ್ಲಿ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು. ಅಲ್ಲೇ ಇರಲಿ. ಜಕಾರ್ಡಿಗೆ ಸಪ್ತರ್ಷಿಯ ಬದಲು, ಮೂರು ಸಲ ಬಂದರೂ ಕಣ್ಣಿಗೆ ಚುಚ್ಚದ ಪುಟ್ಟ ಕೃತ್ತಿಕೆ, ಬಟ್ಟೆಯ ಎರಡೂ ತುದಿಗೆ.

ನಡುವೆ ಇನ್ನೊಂದು ಆಟ ಆಡಿದೆ. ಅಂಚಿನುದ್ದಕ್ಕೂ 27 ನಕ್ಷತ್ರ, 17 ಸೆಂಟಿಮೀಟರಿಗೆ ಒಂದು, 4.6 ಮೀಟರಿಗೆ ಸರಿಯಾಗಿ ಕೂರುತ್ತದೆ, ನಡುವಿಗೆ ಚಿತ್ತೆ ಬರುತ್ತದೆ. ಒಗೆದ ಮೇಲೆ ಬಟ್ಟೆ 4.2ಕ್ಕೆ ಇಳಿದು ರೇವತಿ ಅಂಚು ಮಡಚುವಾಗ ಒಳಗೆ ಹೋದಳು. ಈಗ ಮಗ್ಗದ ಮೇಲೆ ಐದು ಮೀಟರಿಗೆ ಜಾಸ್ತಿಯೇ ನೇಯುತ್ತೇನೆ. ಇಲಕಲ್ಲ ಸೀರೆಯ ಹಾಗೆ ಕೆಂಪು ಸೆರಗನ್ನು ಕೊಂಡಿ ಹಾಕಿ ಸೇರಿಸಿಯೂ ನೋಡಿದೆ. ಹದಿನೈದು ಕಿಲೋ ಜೋಳದ ಚೀಲ ಕಟ್ಟಿ ತೊಲೆಗೆ ತೂಗುಹಾಕಿದೆ, ಬೆಳಗಾಗುವಷ್ಟರಲ್ಲಿ ಕೂಡಿದಲ್ಲಿ ಒಂದು ಕಡೆ ಜಗ್ಗಿತ್ತು. ಕೂಸಿನ ವಿಷಯ, ಬಿಟ್ಟೆ.

ಲೆಕ್ಕ ಹೇಳುತ್ತೇನೆ. ಒಂದು ಪೀಸಿಗೆ ನೂಲು ವೇಸ್ಟ್ ಸೇರಿ 900 ಗ್ರಾಂ, ಬಣ್ಣದ್ದೂ ಹಿಡಿದು 550 ರೂಪಾಯಿ. ಕೂಲಿ 1,200. ಒಗೆಯುವುದು, ಹೊಲಿಗೆ, ಪಾರ್ಸಲ್ಲು ಒಂದು 250. ಮಾರುವುದು 4,800ಕ್ಕೆ. ಹಾಳು ಮಾಡಿದ್ದು ಎಲ್ಲ ಸೇರಿ ಎಪ್ಪತ್ತು ಸಾವಿರ ಇರಬಹುದು, ಇನ್ನೂ ನಲವತ್ತು ವಾಪಸ್ ಬರಬೇಕು.

ಹನ್ನೊಂದನೇ ಪೀಸು ತಗೊಂಡದ್ದು ಪುಣೆಯ ಒಬ್ಬ ತಾಯಿ. ಕೃತ್ತಿಕೆಯಲ್ಲಿ ಏಳು ಇರಬೇಕಲ್ಲ, ಆರೇ ಇವೆ ಅಂದಳು. ಏಳು ಅಕ್ಕತಂಗಿಯರು ಗ್ರೀಕರ ಕಥೆ, ನಮ್ಮಲ್ಲಿ ಷಣ್ಮುಖನಿಗೆ ಹಾಲು ಕೊಟ್ಟವರು ಆರು ಜನ, ಅದಕ್ಕೇ ಅವನಿಗೆ ಆರು ಮುಖ ಅಂತ ವಿವರಿಸಿದೆ. ಎಲ್ಲ ಕೇಳಿ, "ಒಂದು ಕಡಿಮೆ ಇದೆ ಅಂದಮೇಲೆ ರೇಟಲ್ಲಿ ಏನಾದ್ರೂ ಬಿಡ್ತೀರಾ?" ಅಂದಳು. ಇನ್ನೂರು ಬಿಟ್ಟೆ.